ಸಹಾಯ ಬೇಕು: ಚಳಿಗಾಲಕ್ಕೆ ಪೂಲ್ ನೀರು ಖಾಲಿ ಮಾಡಬೇಕಾ?

ಎಲ್ಲರಿಗೂ ನಮಸ್ಕಾರ ರೀ. ನಮ್ಮದು ಧಾರವಾಡ. ಹಿತ್ತಲಲ್ಲಿ ಸಣ್ಣ ಸ್ವಿಮ್ಮಿಂಗ್ ಪೂಲ್ ಇದೆ, ಸುಮಾರು 40 ಸಾವಿರ ಲೀಟರ್. ದೀಪಾವಳಿ ಆದ ಮೇಲೆ ಯಾರೂ ಇಳಿದಿಲ್ಲ. ಬೆಳಿಗ್ಗೆ ಕಾಲಿಟ್ಟರೆ ಜುಮ್ ಅನ್ನುತ್ತದೆ. ಪಕ್ಕದ ಬೇವಿನ ಮರದ ಎಲೆ ದಿನಾ ಒಂದು ಬುಟ್ಟಿ. ಮೆಟ್ಟಿಲ ಮೂಲೆಯಲ್ಲಿ ಬೆರಳಾಡಿಸಿದರೆ ಹಸಿರು ಪಾಚಿ ಅಂಟುತ್ತದೆ. ನೀರಿನ ಪಿಎಚ್ (ಆಮ್ಲ-ಕ್ಷಾರ ಮಟ್ಟ) 7.8 ಇದೆ, ಕ್ಲೋರಿನ್ ಪರೀಕ್ಷಿಸುವ ಪಟ್ಟಿಯ ಬಣ್ಣವೇ ಬದಲಾಗುತ್ತಿಲ್ಲ.

ನಮ್ಮ ಮನೆಯವರು, "ಖಾಲಿ ಮಾಡಿ ಬಿಡು, ಯುಗಾದಿಗೆ ತುಂಬಿಸೋಣ" ಅನ್ನುತ್ತಾರೆ. ನಳದ ನೀರಿಗೆ ದಿನಗಟ್ಟಲೆ ಕಾಯುವ ಓಣಿಯಲ್ಲಿ ಅಷ್ಟು ನೀರು ಗಟಾರಕ್ಕೆ ಬಿಡೋದಾ? ಒಣ ಬಿಸಿಲಿಗೆ ಟೈಲ್ಸ್ ಬೇರೆ ಕಿತ್ತುಕೊಂಡರೆ? ನಮ್ಮಲ್ಲೇನು ನೀರು ಹೆಪ್ಪುಗಟ್ಟುವುದಿಲ್ಲ, ಅಲ್ವಾ?

ಪಂಪ್ ದಿನಕ್ಕೆ ಎರಡು ತಾಸು ಸಾಕಾ, ಬೇಸಿಗೆಯಂತೆ ಆರು ಬೇಕಾ? ಮೊದಲು ಪಿಎಚ್ 7.4ಕ್ಕೆ ಇಳಿಸಿ ಆಮೇಲೆ ಕ್ಲೋರಿನ್ ಹಾಕಬೇಕು ಅಂದುಕೊಂಡಿದ್ದೇನೆ, ಸರೀನಾ? ತಾಡಪತ್ರಿ ಮುಚ್ಚಿದವರಿದ್ದರೆ ಸೊಳ್ಳೆ ಕಾಟದ ಬಗ್ಗೆಯೂ ಹೇಳಿ.