ಸಹಾಯ ಬೇಕು: ಅರ್ಥದ ಜೊತೆ ಉಚ್ಚಾರಣೆಯನ್ನೂ ಕಲಿಯಲು ಯಾವ ಡಿಕ್ಷನರಿ ಒಳ್ಳೆಯದು?

ಎಲ್ಲರಿಗೂ ನಮಸ್ಕಾರ. ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಮಾತಾಡುವಾಗ ತಡವರಿಸುತ್ತೇನೆ. ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಕೊಡುವ ಆ್ಯಪ್‌ಗಳು ನನಗೆ ಅಷ್ಟಕ್ಕಷ್ಟೇ. ಪಶ್ಚಿಮ ದಿಕ್ಕೂ 'ವೆಸ್ಟ್', ಒಳಗೆ ಹಾಕುವ ಬನಿಯನ್ನೂ 'ವೆಸ್ಟ್'! ತುಟಿ ದುಂಡಗೆ ಮಾಡಬೇಕೋ, ಕೆಳತುಟಿಗೆ ಹಲ್ಲು ತಾಗಿಸಬೇಕೋ ಅಂತ ನಮ್ಮ 'ವ' ಹೇಳುವುದಿಲ್ಲ, ಅಲ್ವಾ?

ಒತ್ತಿನದು, ಅಂದರೆ ಪದದ ಯಾವ ಭಾಗವನ್ನು ಜೋರಾಗಿ ಹೇಳಬೇಕು ಅನ್ನುವುದು, ಇನ್ನೂ ಜಾಸ್ತಿ ತಲೆನೋವು. 'ರೆಕಾರ್ಡ್' ನಾಮಪದವಾದರೆ ಒತ್ತು ಮೊದಲ ಭಾಗಕ್ಕೆ, ಕ್ರಿಯಾಪದವಾದರೆ ಎರಡನೆಯದಕ್ಕೆ. 'ಫೋಟೋಗ್ರಾಫ್' ಮೊದಲ ಭಾಗದಲ್ಲಿ ಏರಿದರೆ, 'ಫೋಟೋಗ್ರಫಿ' ಎರಡನೆಯದರಲ್ಲಿ ಏರುತ್ತದೆ. ಒತ್ತಿಲ್ಲದ ಸ್ವರ ಸುಮ್ನೆ ಸಣ್ಣ 'ಅ' ಥರ ಕರಗಿಹೋಗುತ್ತದೆ.

ಬ್ರಿಟಿಷ್, ಅಮೆರಿಕನ್ ಎರಡೂ ಆಡಿಯೋ ಇರುವ, ಇಂಟರ್‌ನೆಟ್ ಇಲ್ಲದೆಯೂ ನಡೆಯುವ ಡಿಕ್ಷನರಿ ಇದೆಯಾ? ವಿವರಣೆ ಸುಲಭ ಇಂಗ್ಲಿಷ್‌ನಲ್ಲಿರಬೇಕು. ಲಾಂಗ್‌ಮನ್ ಡಿಕ್ಷನರಿಯವರು ಸುಮಾರು 2000 ಸರಳ ಪದಗಳಲ್ಲೇ ಅರ್ಥ ಬರೆಯುತ್ತಾರಲ್ಲ, ಹಾಗೆ. ಒಂದು ಅರ್ಥ ನೋಡಲು ಹೋಗಿ ಇನ್ನೂ ನಾಲ್ಕು ಪದ ಹುಡುಕುವ ಪಾಡು ಬೇಡ.

ಐಪಿಎ ಚಿಹ್ನೆಗಳನ್ನು (ಉಚ್ಚಾರಣೆ ತೋರಿಸಲು ಡಿಕ್ಷನರಿಗಳಲ್ಲಿ ಬಳಸುವ ಅಂತರರಾಷ್ಟ್ರೀಯ ಧ್ವನಿಲಿಪಿ) ಕಲಿತವರು ಇದ್ದೀರಾ? ಎಲ್ಲವನ್ನೂ ಕಲಿಯಬೇಕಾ, ಸ್ವರಗಳು ಮತ್ತು ಒತ್ತಿನ ಗುರುತು ಗೊತ್ತಿದ್ದರೆ ಸಾಕಾ? ನೀವೇ ಬಳಸಿ ನೋಡಿದ್ದನ್ನು ಹೇಳಿದರೆ ಉಪಕಾರವಾಗುತ್ತದೆ. ಕೋರ್ಸ್ ಮಾರುವವರು ದಯವಿಟ್ಟು ಬೇಡ.