ಐದು ನಿಮಿಷದ ಕನ್ನಡಿ ಬೂಟು

(ಹಾಸನದ ನಿವೃತ್ತ ವಾಯುಸೈನಿಕರ ವಾಟ್ಸಾಪ್ ಗುಂಪು. ಫಾರ್ವರ್ಡ್ ಆದ ವಿಡಿಯೊ: ಪಾಲಿಷ್ ಬಳಿದ ಬೂಟಿನ ತುದಿಗೆ ಲೈಟರ್ ಹಿಡಿದು ಮಿಂಚಿಸುವುದು.)

ಸಕಲೇಶಪುರ ರಾಜಣ್ಣ: ನೋಡ್ರಪ್ಪ, ಐದೇ ನಿಮಿಷ! ಬೆಳಗಾವಿಯ ಸಾಂಬ್ರಾ ಟ್ರೇನಿಂಗ್ ಸ್ಕೂಲಲ್ಲಿ ರಾತ್ರಿ ಕೂತು ಉಜ್ಜಿದ್ದೆಲ್ಲ ದಂಡ. ಮೊಮ್ಮಗ ಎನ್‌ಸಿಸಿ ಏರ್ ವಿಂಗ್, ಜನವರಿ 26ಕ್ಕೆ ಪರೇಡು. ಇದನ್ನೇ ಮಾಡಿಸ್ತೀನಿ.

ಅರಸೀಕೆರೆ ಜಯಣ್ಣ: ಮಾಡಿಸಿ, ಮೈದಾನದಲ್ಲಿ ಪಾಲಿಷ್ ಚಕ್ಕೆ ಹೆಕ್ಕೋಕೆ ನೀವೂ ಹೋಗಿ. ಬೆಂಕಿಗೆ ಕರಗಿದ ಮೇಣ ಒಂದೇ ದಪ್ಪ ಪದರವಾಗಿ ಕೂರುತ್ತೆ. ‘ಥಮ್’ (ನಿಲ್ಲು) ಅಂದಾಗ ಹುಡುಗ ಕಾಲು ಬಡೀತಾನಲ್ಲ, ಅಲ್ಲೇ ಬಿರುಕು.

ಬೇಲೂರು ಶಿವು: ಡಬ್ಬೀಲಿರೋದು ಬರೀ ಮೇಣ ಅಲ್ಲ ಸಾರ್, ಬೇಗ ಹತ್ಕೊಳ್ಳೋ ದ್ರಾವಕಾನೂ ಇದೆ. ಹೊಲಿಗೆ ದಾರ ಸುಟ್ಟರೆ ಬೂಟೇ ಹೋಯ್ತು.

ರಾಜಣ್ಣ: ಹಾಗಾದ್ರೆ ನಿಮ್ಮ ವೇದ ಹೇಳಿ.

ಜಯಣ್ಣ: ಹೊಲಿಗೆ ಸಂದಿಯ ಧೂಳು ತೆಗೀರಿ. ಇಡೀ ಬೂಟಿಗೆ ತೆಳ್ಳಗೆ ಪಾಲಿಷ್ ಹಚ್ಚಿ, 10-15 ನಿಮಿಷ ಬಿಟ್ಟು ಬ್ರಷ್ ಹೊಡೀರಿ. ಗ್ಲೇಜ್, ಅಂದ್ರೆ ಕನ್ನಡಿ ಹೊಳಪು, ತುದಿಗೆ, ಹಿಮ್ಮಡಿಗೆ ಮಾತ್ರ. ಲೇಸ್ ಕೆಳಗೆ ಮಡಚೋ ಜಾಗಕ್ಕೆ ಬೇಡವೇ ಬೇಡ, ನಡೆದ ಕೂಡಲೇ ಒಡೆಯುತ್ತೆ. ಒಗೆದೊಗೆದು ಮೆತ್ತಗಾದ ಬನಿಯನ್ ಬಟ್ಟೆ ತೋರುಬೆರಳಿಗೆ ಬಿಗಿಯಾಗಿ ಸುತ್ತಿ, ಒಂದು ಸುಕ್ಕೂ ಇರಬಾರದು. ಡಬ್ಬಿ ಮುಚ್ಚಳದಲ್ಲಿ ನೀರು. ಉಗುರು ತುದಿಯಷ್ಟು ಪಾಲಿಷ್ ತಗೊಂಡು ಸಣ್ಣ ಸಣ್ಣ ಸುತ್ತು. ಮಂಕಾದಾಗ ಒಂದೆರಡು ಹನಿ ನೀರು, ಮತ್ತೆ ಸುತ್ತು. ಒತ್ತಬಾರದು. ಮಂಕು ಪೂರ್ತಿ ಹೋದಮೇಲೇ ಮುಂದಿನ ಪದರ.

ರಾಜಣ್ಣ: ನೀರಾ? ನಮ್ಮ ಡ್ರಿಲ್ ಉಸ್ತಾದರು ಎಂಜಲು ಅಂತಿದ್ರು!

ಶಿವು: ಎರಡರದ್ದೂ ಒಂದೇ ಕೆಲಸ, ಕೆಳಗಿನ ಮೇಣ ಬಟ್ಟೆಗೆ ಅಂಟಿ ಕಿತ್ತು ಬರದ ಹಾಗೆ ತಡೆಯೋದು. ಎಂಜಲಾದ್ರೆ ಅಮ್ಮಾವ್ರು ಆ ಬೂಟನ್ನ ಹೊಸಿಲು ದಾಟಿಸಲ್ಲ ಅಷ್ಟೇ.

ಹೊಳೆನರಸೀಪುರ ಗಿರಿ: ಇಷ್ಟೆಲ್ಲ ಯಾಕೆ? ಅಂಗಡೀಲಿ ಶೈನ್ ಸ್ಪಂಜು ಸಿಗುತ್ತೆ.

ಜಯಣ್ಣ: ಅಯ್ಯೋ ಗಿರಿ, ಅದರಲ್ಲಿರೋದು ಸಿಲಿಕೋನ್ ಎಣ್ಣೆ. ಅದು ಕೂತ ಚರ್ಮದ ಮೇಲೆ ಮೇಣ ನಿಲ್ಲಲ್ಲ. ಬಳಿದಾಗಿದ್ರೆ ಟರ್ಪೆಂಟೈನ್‌ನಲ್ಲಿ ಒರೆಸಿ, ಚೆನ್ನಾಗಿ ಒಣಗಿಸಿ, ಮೊದಲಿಂದ ಶುರು ಮಾಡಬೇಕು.

ರಾಜಣ್ಣ: ಹೊಸ ಬೂಟು, ತುದಿಯೆಲ್ಲ ಗುಳ್ಳೆ ಗುಳ್ಳೆ. ಎಷ್ಟು ಪದರ?

ಜಯಣ್ಣ: ಲೆಕ್ಕ ಇಲ್ಲ, ಗುಳ್ಳೆ ಸಂದಿ ತುಂಬಬೇಕು. ವಾರ ಮೊದಲೇ ಶುರು ಮಾಡಿ. ರಾತ್ರಿಗೆ ಎರಡೋ ಮೂರೋ ಪದರ, ಬೆಳಗಿನವರೆಗೆ ಗಟ್ಟಿಯಾಗಲಿ. ಹಸಿ ಪದರದ ಮೇಲೆ ಇನ್ನೊಂದು ಹಾಕಿದ್ರೆ ಹೊಸದರ ದ್ರಾವಕ ಹಳೇದನ್ನ ಕರಗಿಸಿ ಎಲ್ಲ ಮಂಕು.

ರಾಜಣ್ಣ: ಈ ಚಳೀಲಿ ಪಾಲಿಷ್ ಕಲ್ಲಾಗಿದೆ, ಬಟ್ಟೆಗೇ ಬರ್ತಿಲ್ಲ.

ಜಯಣ್ಣ: ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಬಿಸಿಲಲ್ಲಿಡಿ.

ರಾಜಣ್ಣ: ಬಂದ್ರಾ ದಾರಿಗೆ! ಬಿಸಿ ಬೇಕು ಅಂತ ಒಪ್ಪಿದ ಹಾಗಾಯ್ತು.

ಜಯಣ್ಣ: ಡಬ್ಬಿಗೆ ಬಿಸಿಲು ಕಣ್ರೀ, ಬೂಟಿಗೆ ಬೆಂಕಿ ಅಲ್ಲ!

ಶಿವು: ಹುಡುಗನಿಗೆ ಹೇಳಿ ಸಾರ್, ಬೆಳಿಗ್ಗೆ ಹುಲ್ಲು ಇಬ್ಬನಿಯಲ್ಲಿ ಒದ್ದೆ ಇರುತ್ತೆ, ಜೇಬಲ್ಲಿ ತೇವದ ಬಟ್ಟೆ ಇರಲಿ. ಸಾಲಲ್ಲಿ ನಿಲ್ಲೋ ಮುಂಚೆ ಮೆಲ್ಲಗೆ ಒರೆಸಲಿ. ಬ್ರಷ್ ಹಾಕಿದ್ರೆ ಧೂಳಿಂದಲೇ ಗ್ಲೇಜ್ ಮೇಲೆ ಗೀರು ಬೀಳುತ್ತೆ. ಹೆಜ್ಜೆ 30 ಇಂಚು, ನಿಮಿಷಕ್ಕೆ 120. ಇವನು ಹೆಜ್ಜೆ ಚಿಕ್ಕದು ಮಾಡಿದ್ರೆ ಹಿಂದಿನವನ ಬೂಟು ನೇರ ಇವನ ಹಿಮ್ಮಡಿ ಗ್ಲೇಜ್ ಮೇಲೆ.

ರಾಜಣ್ಣ: ಆಯ್ತು, ಪಂದ್ಯ. ಬಲಗಾಲಿಗೆ ಜಯಣ್ಣನ ನೀರು, ಎಡಗಾಲಿಗೆ ನನ್ನ ಲೈಟರ್.

ಜಯಣ್ಣ: ‘ತೇಜ್ ಚಲ್’ (ಬೇಗ ನಡೆ) ಅಂತ ಆರ್ಡರ್ ಬಂದ್ರೆ ಮೊದಲು ಎತ್ತೋದೇ ಎಡಗಾಲು ರಾಜಣ್ಣ. ಅದೂ ಮರೆತುಹೋಯ್ತಾ?