ಸೈಕಲ್‌ಗೆ ಹೆಲ್ಮೆಟ್ ಕಡ್ಡಾಯವಿಲ್ಲ. ಆದರೂ ಹಾಕಿಕೊಳ್ಳಬೇಕಾ?

ಕುಕ್ಕರಹಳ್ಳಿ ಏರಿ (ಪ್ರಶ್ನೆ)

ಮೈಸೂರಿನಲ್ಲಿ ಕುವೆಂಪುನಗರದಿಂದ ಮಾನಸಗಂಗೋತ್ರಿಗೆ ದಿನಾ ಸೈಕಲ್. ವೇಗ 15, ಹೆಚ್ಚೆಂದರೆ 18 ಕಿ.ಮೀ. ಭಾನುವಾರ ಚಾಮುಂಡಿ ಬೆಟ್ಟ. ಹತ್ತುವಾಗ 8 ದಾಟುವುದಿಲ್ಲ, ಇಳಿಯುವಾಗ ಬ್ರೇಕ್ ಬಿಟ್ಟರೆ 40 ದಾಟುತ್ತದೆ. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಬೈಕು, ಸ್ಕೂಟರಿನವರಿಗೆ ಮಾತ್ರ, ಸೈಕಲ್ಲಿಗಲ್ಲ. ಅಂದರೆ ಹಾಕಿಕೊಳ್ಳುವುದು, ಬಿಡುವುದು ನಮ್ಮ ಇಷ್ಟ.

ಜೊತೆಗೆ ಬರುವವರಲ್ಲಿ ಎರಡು ಪಕ್ಷ. "ಥರ್ಮಾಕೋಲ್ ಟೋಪಿ, ಲಾರಿ ಗುದ್ದಿದರೆ ಏನು ಉಳಿಸುತ್ತೆ" ಅನ್ನುವವರು ಒಂದು ಕಡೆ, ಮೂಲೆ ಅಂಗಡಿಗೆ ಹಾಲು ತರಲು ಹೋದರೂ ಹಾಕು ಅನ್ನುವವರು ಇನ್ನೊಂದು ಕಡೆ. ನನಗೆ ಬೇಕಿರುವುದು ಲೆಕ್ಕ. ಎಷ್ಟು ವೇಗದ, ಎಂಥ ಬೀಳುವಿಕೆಗೆ ಅದು ತಡೆಯುತ್ತದೆ? ಮನೆಯಲ್ಲಿರುವ ಸ್ಕೂಟರ್ ಹೆಲ್ಮೆಟ್ ಸಾಕಾ? ಹೊಸದು ಕೊಳ್ಳುವುದಾದರೆ ಏನು ನೋಡಬೇಕು? ಮಗಳಿಗೂ ಬೇಕು. ವಯಸ್ಸು 11, ಎರಡು ಜಡೆ.

ಬೇರಿಂಗ್ ಗ್ರೀಸ್

ಲೆಕ್ಕ ಕೇಳಿದ್ದೀರಿ, ಪರೀಕ್ಷೆಯಿಂದಲೇ ಶುರು ಮಾಡೋಣ. ಯುರೋಪಿನ ಸೈಕಲ್ ಹೆಲ್ಮೆಟ್ ಮಾನದಂಡ ಇಎನ್ 1078. ಲೋಹದ ತಲೆಯಾಕಾರಕ್ಕೆ ಹೆಲ್ಮೆಟ್ ತೊಡಿಸಿ ಸುಮಾರು 1.5 ಮೀಟರ್ ಎತ್ತರದಿಂದ ಚಪ್ಪಟೆ ಉಕ್ಕಿನ ಮೇಲೆ ಬಿಡುತ್ತಾರೆ. ತಾಗುವ ಹೊತ್ತಿಗೆ ವೇಗ ಸೆಕೆಂಡಿಗೆ 5.42 ಮೀಟರ್, ಅಂದರೆ ಗಂಟೆಗೆ 19.5 ಕಿ.ಮೀ. ಆಗ ಒಳಗಿನ ತಲೆಗೆ ಬೀಳುವ ಹೊಡೆತ ಗುರುತ್ವಾಕರ್ಷಣೆಯ 250 ಪಟ್ಟು ಮೀರಬಾರದು. ಫುಟ್‌ಪಾತಿನ ಅಂಚಿನ ಆಕಾರದ ಉಕ್ಕಿನ ಮೇಲೆ ಇನ್ನೊಂದು ಪರೀಕ್ಷೆ ಇದೆ, ಅದರ ಎತ್ತರ ಸ್ವಲ್ಪ ಕಡಿಮೆ. ಅಮೆರಿಕದಲ್ಲಿ 1999ರಿಂದ ಕಡ್ಡಾಯವಾಗಿರುವ, ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದ (ಸಿಪಿಎಸ್‌ಸಿ) ಮಾನದಂಡದಲ್ಲಿ ಎತ್ತರ 2 ಮೀಟರ್, ಮಿತಿ 300 ಪಟ್ಟು.

ಈ 1.5 ಮೀಟರ್ ಎಲ್ಲಿಂದ ಬಂತು ಅಂತ ಯೋಚಿಸಿ. ಸೀಟಿನ ಮೇಲೆ ಕೂತವರ ತಲೆ ನೆಲದಿಂದ ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲಿ ಇರುತ್ತದೆ. ಸೈಕಲ್ ಜಾರಿ ಮಗ್ಗುಲಿಗೆ ಬಿದ್ದಾಗ ತಲೆ ನೆಲಕ್ಕೆ ಬಡಿಯುವ ವೇಗವನ್ನು ನಿರ್ಧರಿಸುವುದು ಮುಖ್ಯವಾಗಿ ಈ ಎತ್ತರ, ಮುಂದಕ್ಕೆ ಹೋಗುತ್ತಿದ್ದ ವೇಗವಲ್ಲ. ಮುಂದಿನ ವೇಗ ರಸ್ತೆ ಮೇಲೆ ಉಜ್ಜಿಕೊಂಡು ಕರಗುತ್ತದೆ. ಆದ್ದರಿಂದ "ನಾನು ನಿಧಾನ ಹೋಗ್ತೀನಿ, ಹೆಲ್ಮೆಟ್ ಯಾಕೆ" ಅನ್ನುವ ಮಾತು ನಿಲ್ಲುವುದಿಲ್ಲ. ಸಿಗ್ನಲ್ಲಿನಲ್ಲಿ ಪೆಡಲ್ಲಿಗೆ ಕಾಲು ಸಿಕ್ಕಿಕೊಂಡು ನಿಂತಲ್ಲೇ ವಾಲಿ ಬಿದ್ದರೂ ತಲೆ 18-19 ಕಿ.ಮೀ. ವೇಗದಲ್ಲಿ ಕಾಂಕ್ರೀಟಿಗೆ ತಾಗಬಹುದು.

ಆ ವೇಗದ ತಲೆ ಬರಿಯ ಕಾಂಕ್ರೀಟಿಗೆ ತಾಗಿ 3 ಮಿಲಿಮೀಟರಿನಲ್ಲಿ ನಿಂತಿತು ಅಂದುಕೊಳ್ಳಿ. ವೇಗದ ವರ್ಗವನ್ನು ನಿಲ್ಲುವ ದೂರದ ಎರಡರಷ್ಟರಿಂದ ಭಾಗಿಸಿದರೆ ಸರಾಸರಿ ಹೊಡೆತ ಗುರುತ್ವಾಕರ್ಷಣೆಯ ಸುಮಾರು 500 ಪಟ್ಟು. ಅದೇ ತಲೆ 15 ಮಿಲಿಮೀಟರ್ ಥರ್ಮಾಕೋಲನ್ನು ಜಜ್ಜಿಕೊಂಡು ನಿಂತರೆ ಸುಮಾರು 100 ಪಟ್ಟು. ಹೆಲ್ಮೆಟ್ ಮಾಡುವ ಕೆಲಸ ಇಷ್ಟೇ, ನಿಲ್ಲುವುದಕ್ಕೆ ಒಂದು ಸೆಂಟಿಮೀಟರಿನಷ್ಟು ಜಾಗ ಕೊಡುವುದು. ಹೀಗಾಗಿ "ಥರ್ಮಾಕೋಲ್" ಅನ್ನುವುದನ್ನು ಬೈಗುಳದ ಹಾಗೆ ಬಳಸಬೇಡಿ. ಜಜ್ಜಿಹೋಗುವುದೇ ಅದರ ಗುಣ. ಒಮ್ಮೆ ಜಜ್ಜಿದ್ದು ಮತ್ತೆ ಉಬ್ಬುವುದಿಲ್ಲ, ಅದಕ್ಕೇ ಒಂದು ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಚೆನ್ನಾಗಿ ಕಂಡರೂ ಎಸೆಯಬೇಕು.

ಇನ್ನು ಲಾರಿ. ಚಕ್ರ ಮೇಲೆ ಹತ್ತಿದರೆ ಯಾವ ಹೆಲ್ಮೆಟ್ಟೂ ಇಲ್ಲ, ಸತ್ಯ. ಆದರೆ ಆಟೋ ಸವರಿ, ಬೈಕ್ ತಾಗಿ, ಗುಂಡಿಗೆ ಚಕ್ರ ಇಳಿದು ಬಿದ್ದಾಗ ತಲೆಗೆ ಆಗುವ ದೊಡ್ಡ ಪೆಟ್ಟು ರಸ್ತೆಯದ್ದು. ಅಲ್ಲಿ ಅದು ಕೆಲಸ ಮಾಡುತ್ತದೆ. ಬೆಟ್ಟ ಇಳಿಯುವಾಗಿನ 40 ಕಿ.ಮೀ.ಗೆ ಮಾತ್ರ ಭರವಸೆ ಕಡಿಮೆ ಇಟ್ಟುಕೊಳ್ಳಿ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟು. ಜಾರಿ ಬಿದ್ದರೆ ಸರಿ, ನೇರ ತಡೆಗಲ್ಲಿಗೆ ತಲೆ ಹೋದರೆ ಅದು ಪರೀಕ್ಷೆಯ ನಾಲ್ಕು ಪಟ್ಟಿಗಿಂತ ಹೆಚ್ಚು. ಹಾಗಂತ ಅಲ್ಲಿ ಹಾಕದೆ ಇಳಿಯಬೇಡಿ. ತಿರುವಿಗೆ ಮುಂಚೆಯೇ ವೇಗ ಇಳಿಸಿ.

ಅಧ್ಯಯನ ಬೇಕೆಂದರೆ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಆಲಿವಿಯರ್ ಮತ್ತು ಕ್ರೈಟನ್ 2016ರಲ್ಲಿ 40 ಅಧ್ಯಯನಗಳನ್ನು, ಗಾಯಗೊಂಡ 64,000ಕ್ಕೂ ಹೆಚ್ಚು ಸವಾರರ ಮಾಹಿತಿಯನ್ನು ಒಟ್ಟಿಗೆ ಲೆಕ್ಕ ಹಾಕಿದರು. ಹೆಲ್ಮೆಟ್ ಹಾಕಿದ್ದವರಲ್ಲಿ ತಲೆಗೆ ಪೆಟ್ಟಾಗುವ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿದಿತ್ತು, ಗಂಭೀರ ಪೆಟ್ಟಿನದು 69% ಕಡಿಮೆ. ಇದು ಬಿದ್ದವರ ನಡುವಿನ ಹೋಲಿಕೆ ಅನ್ನುವುದು ನೆನಪಿರಲಿ. ಬೀಳುವುದನ್ನೇ ಅದು ತಪ್ಪಿಸುತ್ತದೆ ಎಂದಲ್ಲ.

ಕಂಬಿ ಬ್ರೇಕ್

ಹಾಕಿಕೊಳ್ಳಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂಥ ಚರ್ಚೆ ನಡೆದಾಗಲೆಲ್ಲ ಯಾರಾದರೂ "ಸೈಕಲ್ಲಿಗೂ ಕಡ್ಡಾಯ ಮಾಡಲಿ" ಅನ್ನುತ್ತಾರೆ. ಅದಕ್ಕೆ ನನ್ನ ವಿರೋಧ ಇದೆ, ಈಗಲೇ ಹೇಳಿಬಿಡುತ್ತೇನೆ.

ಜಗತ್ತಿನಲ್ಲಿ ಮೊದಲು ಕಡ್ಡಾಯ ಮಾಡಿದ್ದು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ, 1990ರ ಜುಲೈ 1ರಿಂದ. ಹೆಲ್ಮೆಟ್ ಹಾಕುವವರು ಹೆಚ್ಚಿದರು, ಜೊತೆಗೆ ರಸ್ತೆಯಲ್ಲಿ ಸೈಕಲ್ ಎಣಿಸಿದಾಗ ಹದಿಹರೆಯದ ಮಕ್ಕಳ ಸಂಖ್ಯೆ ಎದ್ದು ಕಾಣುವಂತೆ ಇಳಿಯಿತು. ಅದರ ಅರ್ಥದ ಬಗ್ಗೆ ಸಂಶೋಧಕರು ಇವತ್ತಿಗೂ ಜಗಳವಾಡುತ್ತಾರೆ. ಅದೇ ರಾಜ್ಯದ ಮೆಲ್ಬರ್ನ್‌ನಲ್ಲಿ 2010ರಲ್ಲಿ ಶುರುವಾದ ಬಾಡಿಗೆ ಸೈಕಲ್ ವ್ಯವಸ್ಥೆ ಜನ ಹತ್ತದೆ 2019ರಲ್ಲಿ ಮುಚ್ಚಿತು. ದಿಢೀರನೆ ಸೈಕಲ್ ಎತ್ತಿಕೊಳ್ಳುವವರ ಕೈಯಲ್ಲಿ ಹೆಲ್ಮೆಟ್ ಎಲ್ಲಿಂದ ಬರಬೇಕು? ಮೆಕ್ಸಿಕೋ ಸಿಟಿ ಅದೇ 2010ರಲ್ಲಿ ಕಡ್ಡಾಯವನ್ನು ವಾಪಸ್ ತೆಗೆದುಕೊಂಡಿತು. ನಿಮ್ಮ ಊರಿನಲ್ಲೇ 2017ರಲ್ಲಿ ಟ್ರಿಣ್ ಟ್ರಿಣ್ ಅನ್ನುವ ಬಾಡಿಗೆ ಸೈಕಲ್ ಶುರುವಾಯಿತು, ಅದನ್ನು ಹತ್ತಿದವರಿಗೆಲ್ಲ ದಂಡ ಹಾಕುವುದನ್ನು ಊಹಿಸಿ. ಗಾರೆ ಕೆಲಸದವರು, ಪೇಪರ್ ಹಾಕುವ ಹುಡುಗರು, 2006-07ರಿಂದ ಸರ್ಕಾರ ಕೊಟ್ಟ ಸೈಕಲ್ಲಿನಲ್ಲಿ ಹೈಸ್ಕೂಲಿಗೆ ಹೋದ ಹಳ್ಳಿಯ ಹೆಣ್ಣುಮಕ್ಕಳು, ಕಾನೂನು ಮೊದಲು ಹಿಡಿಯುವುದು ಇವರನ್ನೇ.

ನೆದರ್ಲೆಂಡ್ಸಿನಲ್ಲಿ ದಿನನಿತ್ಯದ ಸವಾರರು ಬಹುತೇಕ ಬರಿದಲೆಯಲ್ಲೇ ಹೋಗುತ್ತಾರೆ. ಅವರನ್ನು ತೋರಿಸಿ "ನಮಗೂ ಬೇಡ" ಅನ್ನುವುದು ತಪ್ಪು ಲೆಕ್ಕ. ಅಲ್ಲಿ ಸೈಕಲ್ಲಿಗೆ ಬೇರೆ ದಾರಿ, ಬೇರೆ ಸಿಗ್ನಲ್ ಇದೆ. ನಮಗಿರುವುದು ಬಸ್ಸಿನ ಎಡ ಮಗ್ಗುಲು.

ಅಂದಹಾಗೆ ಹೆಲ್ಮೆಟ್ ಬಿದ್ದ ಮೇಲಿನ ಮಾತು. ಬೀಳದಿರಲು ಮೊದಲು ಬ್ರೇಕ್ ನೋಡಿ. ಹಳೆಯ ಸೈಕಲ್ಲಿನ ಉಕ್ಕಿನ ರಿಮ್ ನೆನೆದರೆ ಬ್ರೇಕ್ ಹಿಡಿಯುವುದೇ ಇಲ್ಲ ಅನ್ನುವಷ್ಟು ಜಾರುತ್ತದೆ, ಅಲ್ಯೂಮಿನಿಯಂ ರಿಮ್ ಎಷ್ಟೋ ವಾಸಿ. ಬ್ರೇಕ್ ಶೂ ಮೇಲಿನ ಗೀರು ಸವೆದು ಮಾಯವಾಗಿದ್ದರೆ ಬದಲಿಸಿ. ಲಿವರ್ ಪೂರ್ತಿ ಒತ್ತಿದಾಗ ಹ್ಯಾಂಡಲ್ಲಿಗೆ ತಾಗುವಂತಿದ್ದರೆ ಕೇಬಲ್ ಬಿಗಿ ಮಾಡಿ. ನಿಂತ ಕಾರುಗಳಿಂದ ಒಂದು ಮೀಟರ್ ದೂರ ಇರಿ, ಬಾಗಿಲು ತೆರೆಯುವ ದೂರ ಅದು. ಬೆಂಗಳೂರಿನಲ್ಲಿ ವೈಟ್ ಟಾಪಿಂಗ್ (ಕಾಂಕ್ರೀಟ್ ಹಾಸಿದ) ರಸ್ತೆಯ ಅಂಚು ಪಕ್ಕದ ಡಾಂಬರಿಗಿಂತ ಎತ್ತರ ಇರುವ ಕಡೆ ಓರೆಯಾಗಿ ಹತ್ತಲು ಹೋದರೆ ಮುಂದಿನ ಚಕ್ರ ಅಂಚನ್ನು ಸವರಿಕೊಂಡು ಜಾರುತ್ತದೆ, ನೇರ ಅಡ್ಡಲಾಗಿ ದಾಟಬೇಕು. ಚರಂಡಿಯ ಜಾಲರಿಯ ಸೀಳು ರಸ್ತೆಯ ಉದ್ದಕ್ಕೇ ಇದ್ದರೆ ತೆಳು ಟೈರು ಒಳಗೆ ಹೂತುಹೋಗುತ್ತದೆ.

ಅಳತೆ ಟೇಪು

ಕೊಳ್ಳುವ ವಿಷಯಕ್ಕೆ ಬರುತ್ತೇನೆ. ಸರಿಯಾಗಿ ಕೂರದ ಒಳ್ಳೆ ಹೆಲ್ಮೆಟ್ಟಿಗಿಂತ ಸರಿಯಾಗಿ ಕೂತ ಸಾಧಾರಣ ಹೆಲ್ಮೆಟ್ ಮೇಲು.

ಹುಬ್ಬಿನ ಮೇಲೆ ಎರಡು ಬೆರಳು ಬಿಟ್ಟು, ಹಿಂದಲೆಯ ಉಬ್ಬಿನ ಮೇಲೆ ಹಾಯುವಂತೆ ಟೇಪ್ ಸುತ್ತಿ. ಟೈಲರ್ ಟೇಪ್ ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲಿಗೆ ಹಿಡಿಯಿರಿ. 55ರಿಂದ 59 ಸೆ.ಮೀ. ಬಂದರೆ ಸಾಮಾನ್ಯವಾಗಿ ಎಂ ಸೈಜ್, ಆದರೂ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುವುದರಿಂದ ಅಕ್ಷರ ನಂಬಬೇಡಿ, ಸೆಂಟಿಮೀಟರ್ ಓದಿ. ಇಎನ್ 1078 ಪ್ರಕಾರ ತಯಾರಾದದ್ದರ ಒಳಗೆ ಮಾನದಂಡದ ಸಂಖ್ಯೆ, ತಯಾರಕರ ಹೆಸರು, ಸೆ.ಮೀ. ಅಳತೆ, ಗ್ರಾಂ ತೂಕ, ತಯಾರಾದ ವರ್ಷ ಮತ್ತು ತ್ರೈಮಾಸಿಕ ಇರಲೇಬೇಕು. ಹೊರಗೆ ಬರೀ ಮಿರುಗುವ ಸ್ಟಿಕ್ಕರ್ ಇದ್ದು ಒಳಗೆ ಇದ್ಯಾವುದೂ ಇಲ್ಲದಿದ್ದರೆ ವಾಪಸ್ ಇಡಿ. ಕಟ್ಟಡ ಕೆಲಸದ ಹಳದಿ ಟೋಪಿಯೂ ಬೇಡ. ಅದು ಮೇಲಿನಿಂದ ಬೀಳುವ ವಸ್ತುವಿಗೆ ಮಾಡಿದ್ದು, ಮಗ್ಗುಲಿನ ಪೆಟ್ಟಿಗಲ್ಲ.

ಸ್ಕೂಟರ್ ಹೆಲ್ಮೆಟ್ ಭಾರತೀಯ ಮಾನದಂಡ ಐಎಸ್ 4151ರದ್ದಾದರೆ ತಲೆ ಕಾಯುತ್ತದೆ, ಅನುಮಾನವಿಲ್ಲ. ಆದರೆ ಸೈಕಲ್ ಹೆಲ್ಮೆಟ್ 250-350 ಗ್ರಾಂ ಇದ್ದರೆ ಇದು ಸಾಮಾನ್ಯವಾಗಿ ಕಿಲೋ ಹತ್ತಿರ ಅಥವಾ ಮೇಲೆ. ಕಿವಿ ಮುಚ್ಚುತ್ತದೆ, ಹಿಂದಿನಿಂದ ಬರುವ ಗಾಡಿಯ ಸದ್ದೇ ಸೈಕಲ್ಲಿನವರ ಅರ್ಧ ಕಣ್ಣು. ಬೆಟ್ಟ ಹತ್ತುವಾಗ ಗಾಳಿ ಆಡದೆ ತಲೆ ಬೇಯುತ್ತದೆ, ಕೊನೆಗೆ ಹ್ಯಾಂಡಲ್ಲಿಗೆ ತಗುಲಿಹಾಕುತ್ತೀರಿ.

ಹಾಕುವ ಕ್ರಮ ತಪ್ಪಬೇಡಿ. ಮೊದಲು ಹಿಂದಿನ ತಿರುಗಣಿಯನ್ನು ಬಿಗಿ ಮಾಡಿ. ಬಕಲ್ ಹಾಕದೆಯೇ ತಲೆ ಬಗ್ಗಿಸಿದರೆ ಬೀಳಬಾರದು. ಆಮೇಲೆ ಎರಡೂ ಕಡೆಯ ಪಟ್ಟಿಗಳು ಕಿವಿಯ ಕೆಳಗೆ ವಿ ಆಕಾರದಲ್ಲಿ ಕೂಡುವಂತೆ ಸ್ಲೈಡರ್ ಸರಿಸಿ. ಕೊನೆಗೆ ಗಲ್ಲದ ಪಟ್ಟಿ, ಒಂದು ಬೆರಳು ತೂರುವಷ್ಟು. ಈಗ ಬಾಯಿ ಅಗಲವಾಗಿ ತೆರೆಯಿರಿ, ಹೆಲ್ಮೆಟ್ ನೆತ್ತಿಯ ಮೇಲೆ ಕೆಳಗೆ ಎಳೆದಂತಾಗಬೇಕು. ಅಂಗೈಯಿಂದ ಮುಂಭಾಗವನ್ನು ಮೇಲಕ್ಕೆ ತಳ್ಳಿ. ಹಿಂದಕ್ಕೆ ವಾಲಿ ಹಣೆ ಪೂರ್ತಿ ಕಂಡರೆ ಕಿವಿಯ ಮುಂದಿನ ಪಟ್ಟಿ ಸಡಿಲ ಇದೆ. ಹಿಂದಿನಿಂದ ತಳ್ಳಿದಾಗ ಕಣ್ಣಿನ ಮೇಲೆ ಇಳಿದರೆ ಕಿವಿಯ ಹಿಂದಿನದು ಸಡಿಲ. ನಮ್ಮ ರಸ್ತೆಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು, ಹೆಲ್ಮೆಟ್ಟನ್ನು ಹಿಂದಲೆಗೆ ಸರಿಸಿಕೊಂಡು ಹಣೆ ಬಿಟ್ಟಿರುವುದು. ಮುಗ್ಗರಿಸಿ ಬಿದ್ದಾಗ ಮೊದಲು ತಾಗುವುದು ಅದೇ ಹಣೆ.

ಒಳಗಿನ ಸ್ಪಂಜ್ ಬಿಚ್ಚಿ ಶಾಂಪೂ ನೀರಿನಲ್ಲಿ ತೊಳೆಯಿರಿ. ಪೆಟ್ರೋಲ್, ತಿನ್ನರ್, ಸ್ಪ್ರೇ ಪೇಂಟ್ ಸೋಕಿಸಬೇಡಿ, ಥರ್ಮಾಕೋಲ್ ಕರಗುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನೊಳಗೂ ಬೇಡ. ಎರಡು ಕಡೆಯಿಂದ ಮೆತ್ತಗೆ ಹಿಚುಕಿದಾಗ ಕಿರ್ ಅಂದರೆ ಒಳಗೆ ಕೂದಲೆಳೆಯ ಬಿರುಕು ಇದೆಯೇ ಎಂದು ಬೆಳಕಿಗೆ ಹಿಡಿದು ನೋಡಿ.

ಕೆಲಗೇರಿ ಕೆರಿ

ಇ-ಸೈಕಲ್ ವಿಚಾರ ಯಾರೂ ತಗೀಲಿಲ್ಲ ನೋಡ್ರಿ. ಮೋಟಾರು 250 ವ್ಯಾಟ್‌ಗಿಂತ ಕಡಿಮಿ, ವೇಗ 25 ಕಿ.ಮೀ.ಗಿಂತ ಕಡಿಮಿ ಇದ್ರ ಅದು ಮೋಟಾರು ವಾಹನ ಅಲ್ಲ, ಸೈಕಲ್ ಲೆಕ್ಕಕ್ಕ ಬರ್ತದ. ಕಂಟ್ರೋಲರ್ ಬದಲಿಸಿ 40 ಓಡಿಸೋರು ಆ ರಿಯಾಯಿತಿಯಿಂದ ಹೊರಗ ಬಿದ್ದಂಗ. ಅಂಥವರಿಗೆ ಸೈಕಲ್ ಹೆಲ್ಮೆಟ್ ಸಾಲೂದಿಲ್ರಿ, ಐಎಸ್ 4151ರದ್ದೇ ಬೇಕು.

ಕುಕ್ಕರಹಳ್ಳಿ ಏರಿ

ಎಲ್ಲರಿಗೂ ಧನ್ಯವಾದ. ವಾಲಿ ಬಿದ್ದರೂ 19 ಕಿ.ಮೀ. ಅನ್ನುವ ಲೆಕ್ಕಕ್ಕೆ ನನ್ನಲ್ಲಿ ಉತ್ತರವಿಲ್ಲ, ಕೊಳ್ಳುತ್ತೇನೆ. ಮಗಳ ತಲೆ 53 ಸೆ.ಮೀ. ಬೆಳೆಯುವ ಮಗು ಅಂತ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳಬಹುದಾ?

ಅಳತೆ ಟೇಪು

ಬೇಡ. ಯೂನಿಫಾರ್ಮ್ ಅಲ್ಲ ಅದು. ದೊಡ್ಡದಾದ ಹೆಲ್ಮೆಟ್ ಬೀಳುವಾಗ ಪಕ್ಕಕ್ಕೆ ತಿರುಗಿ ಪೆಟ್ಟಾಗುವ ಜಾಗವನ್ನೇ ಬಿಟ್ಟುಕೊಡುತ್ತದೆ. 51ರಿಂದ 55ರದ್ದು ತೆಗೆದುಕೊಳ್ಳಿ, ತಿರುಗಣಿಯಲ್ಲಿ ಇನ್ನೆರಡು ಸೆ.ಮೀ. ಬೆಳೆಯಲು ಜಾಗ ಇದ್ದೇ ಇರುತ್ತದೆ.

ಎರಡು ಜಡೆ ತೊಂದರೆಯಿಲ್ಲ, ಕಿವಿಯ ಮಟ್ಟಕ್ಕಿಂತ ಕೆಳಗೆ ಶುರುವಾಗುವಂತೆ ಹೆಣೆಯಿರಿ. ಜಡೆಯನ್ನು ಮಡಚಿ ರಿಬ್ಬನ್ ಕಟ್ಟುವ ಶಾಲೆಯಾದರೆ ಆ ಮಡಿಕೆಯೂ ಪಟ್ಟಿಯ ಕೆಳಗೇ ಇರಲಿ. ನೆತ್ತಿಯ ಮೇಲೆ ತುರುಬು, ದಪ್ಪ ಹೇರ್‌ಬ್ಯಾಂಡ್, ಲೋಹದ ಕ್ಲಿಪ್ ಇದ್ದರೆ ಹೆಲ್ಮೆಟ್ ಎತ್ತರದಲ್ಲಿ ತೇಲುತ್ತದೆ, ಕ್ಲಿಪ್ ಬಿದ್ದಾಗ ಚುಚ್ಚುತ್ತದೆ. ಬಕಲ್ ಹಾಕುವಾಗ ಗಂಟಲಿನ ಚರ್ಮ ಸಿಕ್ಕಿಕೊಂಡರೆ ಮಕ್ಕಳು ಆಮೇಲೆ ಹೆಲ್ಮೆಟ್ ಮುಟ್ಟುವುದಿಲ್ಲ. ಬಕಲ್ ಹಿಂದೆ ನಿಮ್ಮ ಬೆರಳಿಟ್ಟು ಹಾಕಿ ಅಭ್ಯಾಸ ಮಾಡಿಸಿ.

ಇನ್ನೊಂದು ಮುಖ್ಯ ಮಾತು. ಸೈಕಲ್ಲಿಂದ ಇಳಿದು ಜಾರುಬಂಡೆ, ಮರ, ಏಣಿ ಹತ್ತುವ ಮುಂಚೆ ಮಗು ಹೆಲ್ಮೆಟ್ ತೆಗೆಯಲೇಬೇಕು. ಕಂಬಿಗಳ ನಡುವೆ ದೇಹ ನುಸುಳಿ ಹೆಲ್ಮೆಟ್ ಸಿಕ್ಕಿಕೊಂಡರೆ ಗಲ್ಲದ ಪಟ್ಟಿಯೇ ಕುಣಿಕೆಯಾಗುತ್ತದೆ. ಪುಟ್ಟ ಮಕ್ಕಳಿಗಾಗಿ ಇಎನ್ 1080 ಎಂಬ ಬೇರೆ ಮಾನದಂಡ ಬಂದಿರುವುದೇ ಇದಕ್ಕೆ. ಅದರಲ್ಲಿ ಭಾರ ಬಿದ್ದರೆ ತಾನೇ ಬಿಚ್ಚಿಕೊಳ್ಳುವ ಹಸಿರು ಬಕಲ್ ಇರುತ್ತದೆ. ನಿಮ್ಮ ಮಗಳು ರಸ್ತೆಯಲ್ಲಿ ಹೊಡೆಯುವುದಾದರೆ ಅದು ಬೇಡ, 1078ರದ್ದೇ ತೆಗೆದುಕೊಳ್ಳಿ.

ಕಂಬಿ ಬ್ರೇಕ್

ವೇಲ್ ಹಾಕಿಕೊಂಡು ಹೋಗುವ ದಿನ ಅದರ ತುದಿಗಳನ್ನು ಹಿಂದೆ ಗಂಟು ಹಾಕಿಸಿ, ಚೈನ್ ಕವರ್ ಪೂರ್ತಿ ಇದೆಯಾ ನೋಡಿ. ಹುಡುಗಿಯರ ಸೈಕಲ್ಲಿನಲ್ಲಿ ಹಿಂದಿನ ಚಕ್ರಕ್ಕೆ ಬಟ್ಟೆ ಹೋಗದಂತೆ ಮಡ್‌ಗಾರ್ಡಿನ ಎರಡೂ ಬದಿಗೆ ಬರುವ ಜಾಲರಿ ಬಿಚ್ಚಿಸಿದ್ದರೆ ವಾಪಸ್ ಹಾಕಿಸಿ.